ಕೊಳೆರೋಗಕ್ಕೆ ಮದ್ದು ಕಂಡ ಕೆನಡಾದ ಕೋಲ್ಮನ್

ಊರು ಬಿಟ್ಟು ಕೆನಡಾಕ್ಕೆ ಬಂದ ಕಥೆ ನಮ್ಮ ಶಾಲೆಯ ಪ್ರತಿ ಮನೆಯಲ್ಲೂ ಇದೆ. ಅಪ್ಪ ಯಾವ ವರ್ಷ ಬಂದರು, ಮೊದಲ ಚಳಿಗಾಲ ಹೇಗಿತ್ತು, ಅಜ್ಜಿ ಕಟ್ಟಿಕೊಟ್ಟ ಉಪ್ಪಿನಕಾಯಿ ಎಷ್ಟು ದಿನ ಬಂತು ಎಂಬುದನ್ನೆಲ್ಲ ಮಕ್ಕಳು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ನೂರು ವರ್ಷಗಳಿಗೂ ಹಿಂದೆ ಇದೇ ಒಂಟಾರಿಯೋದಲ್ಲಿ ಹುಟ್ಟಿದ ಒಬ್ಬ ತರುಣ ಹಡಗು ಹತ್ತಿ ನಮ್ಮ ಮೈಸೂರಿಗೆ ಹೋಗಿ, ತನ್ನ ಬಾಳಿನ ಬಹುಭಾಗವನ್ನು ಅಲ್ಲಿಯ ರೈತರಿಗಾಗಿ ಕಳೆದ ಕಥೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ತರುಣನ ಹೆಸರು ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆ ತೋಟದ ಮನೆಗಳಿಂದ ಬಂದ ಪಾಲಕರು ನಮ್ಮಲ್ಲಿ ಕೆಲವರಿದ್ದಾರೆ. ಮುಂಗಾರಿಗೆ ಮೊದಲು ಅವರ ಮನೆಗಳಲ್ಲಿ ಇಂದಿಗೂ ನಡೆಯುವ ಒಂದು ಕೆಲಸದ ಹಿಂದೆ ಈ ಕೆನಡಿಯನ್ನರ ದುಡಿಮೆ ಇದೆ. ಈ ಸಲದ ಸಂಚಿಕೆಯಲ್ಲಿ ಅವರನ್ನು ನಿಮಗೆ ಪರಿಚಯ ಮಾಡಿಕೊಡಲು ನಾವು ಹೊರಟಿದ್ದೇವೆ.

ಓದಿನ ದಿನಗಳು

ಕೋಲ್ಮನ್ ಹುಟ್ಟಿದ್ದು 1878ರಲ್ಲಿ. ಟೊರೊಂಟೋ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಿ 1904ರಲ್ಲಿ ಪದವಿ ಪಡೆದರು. ಆಮೇಲೆ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಮಾಡಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳದು. ಗಿಡಗಳಿಗೆ ಬೇಕಾದ ನೈಟ್ರೇಟನ್ನು ಮಣ್ಣಿನಲ್ಲಿ ಈ ಜೀವಿಗಳು ಹೇಗೆ ತಯಾರಿಸುತ್ತವೆ ಎಂಬುದನ್ನು ಅವರು ಪರೀಕ್ಷಿಸಿದರು. ಕಣ್ಣಿಗೆ ಕಾಣದ ಜೀವಿಗಳೇ ಹೊಲದ ಭವಿಷ್ಯವನ್ನು ನಿರ್ಧರಿಸುತ್ತವೆ ಎಂಬ ಪಾಠ ಅವರಿಗೆ ಅಲ್ಲಿಯೇ ಸಿಕ್ಕಿತು. ಮುಂದೆ ಅದು ಸಾವಿರಾರು ಮೈಲಿ ದೂರದಲ್ಲಿ ಕೆಲಸಕ್ಕೆ ಬಂತು.

ಆಗ ಮೈಸೂರು ಸಂಸ್ಥಾನವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಬೆಂಗಳೂರಿನ ಹೊರಗೆ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿಯೇ 30 ಎಕರೆ ಜಮೀನು ಕೊಟ್ಟಿದ್ದರು. ಅಲ್ಲಿ ಅಡಾಲ್ಫ್ ಲೇಮನ್ ಎಂಬ ರಸಾಯನ ವಿಜ್ಞಾನಿ ಮಣ್ಣಿನ ಪರೀಕ್ಷೆ ನಡೆಸುತ್ತಿದ್ದರು. ಬೆಳೆಗಳಿಗೆ ಬರುವ ಕೀಟ ಮತ್ತು ರೋಗಗಳನ್ನು ನೋಡಿಕೊಳ್ಳಲು ಸಂಸ್ಥಾನಕ್ಕೆ ಒಬ್ಬ ತಜ್ಞ ಬೇಕಾಗಿತ್ತು. 1908ರಲ್ಲಿ ಆ ಕೆಲಸಕ್ಕೆ ಬಂದವರೇ ಕೋಲ್ಮನ್. ಆಗ ಅವರ ವಯಸ್ಸು ಮೂವತ್ತು.

ಮಳೆಗಾಲದ ಮಾರಿ

ಅವರು ಬಂದ ಕಾಲದಲ್ಲಿ ಮಲೆನಾಡಿನ ರೈತರನ್ನು ಕಾಡುತ್ತಿದ್ದ ದೊಡ್ಡ ಪಿಡುಗು ಕೊಳೆರೋಗ. ಕರಾವಳಿಯ ಕಡೆ ಇದಕ್ಕೆ ಮಹಾಳಿ ಎಂದೂ ಹೇಳುತ್ತಾರೆ. ಅಡಿಕೆ ವರ್ಷಕ್ಕೆ ಒಂದೇ ಬೆಳೆ. ಅದನ್ನು ಮಾರಿ ಬಂದ ಹಣದಲ್ಲೇ ಅಕ್ಕಿ, ಬಟ್ಟೆ, ಕಂದಾಯ, ಮಗಳ ಮದುವೆ, ಸಾಲದ ಬಡ್ಡಿ ಎಲ್ಲವೂ ನಡೆಯಬೇಕು. ಕಾಯಿ ಇನ್ನೂ ಎಳೆಯದಾಗಿ ಹಸಿರಾಗಿರುವಾಗಲೇ ಮುಂಗಾರು ಹಿಡಿಯುತ್ತದೆ. ಮಳೆ ಒಂದೇ ಸಮನೆ ವಾರಗಟ್ಟಲೆ ಸುರಿಯುತ್ತದೆ. ಆಗ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಡು ಹಸಿರು ಕಲೆ ಮೂಡುತ್ತದೆ. ಕಲೆ ಹರಡಿ ಕಾಯಿ ಕಳಚಿ ಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿಯಂತೆ ಬಿಳಿ ಬೂಷ್ಟು ಕಟ್ಟುತ್ತದೆ. ಬೆಳಗ್ಗೆ ಎದ್ದು ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಹಾಸಿಕೊಂಡಿರುತ್ತದೆ. ರೋಗ ಜೋರಾದ ವರ್ಷ ಬೆಳೆಯ ಅರ್ಧಕ್ಕಿಂತ ಹೆಚ್ಚು ಹೀಗೆ ಮಣ್ಣುಪಾಲಾಗುತ್ತಿತ್ತು. ಒಂದು ಮಳೆಗಾಲದಲ್ಲಿ ಕೊಳೆ ಬಂದರೆ ಸಂಸಾರ ಹಲವು ವರ್ಷ ಸಾಲ ತೀರಿಸುತ್ತ ಕೂರಬೇಕಾಗುತ್ತಿತ್ತು.

ರೈತರು ಕೈಕಟ್ಟಿ ಕುಳಿತಿರಲಿಲ್ಲ. ಅವರ ಬಳಿ ಹಳೆಯ ಉಪಾಯವೊಂದಿತ್ತು. ಅದೇ ಕೊಟ್ಟೆ ಕಟ್ಟುವುದು. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಟೋಪಿಯಂಥ ಹೊದಿಕೆ ಮಾಡಿ, ಮಳೆ ಹಿಡಿಯುವ ಮೊದಲು ಪ್ರತಿ ಕೊನೆಗೂ ಕಟ್ಟುತ್ತಿದ್ದರು. (ಮಕ್ಕಳೇ, ಮಲೆನಾಡಿನಲ್ಲಿ ಅಡಿಕೆ ಗೊಂಚಲಿಗೆ ಕೊನೆ ಎನ್ನುತ್ತಾರೆ. ಮರ ಹತ್ತಿ ಕೊನೆ ಇಳಿಸುವವರು ಕೊನೆಗೌಡರು.) ಮಳೆನೀರು ಕಾಯಿಗೆ ತಾಗದಿದ್ದರೆ ಕೊಳೆ ಬರುವುದಿಲ್ಲ ಎಂಬುದನ್ನು ಅವರು ಅನುಭವದಿಂದ ಸರಿಯಾಗಿಯೇ ತಿಳಿದಿದ್ದರು. ಆದರೆ ಒಂದೊಂದು ಮರಕ್ಕೂ ಮೂರು ನಾಲ್ಕು ಕೊನೆ. ತೋಟದಲ್ಲಿ ನೂರಾರು, ಸಾವಿರಾರು ಮರ. ಅಷ್ಟು ಕೊಟ್ಟೆ ಹೆಣೆಯಬೇಕು, ಅಷ್ಟು ಮರ ಹತ್ತಬೇಕು, ಮಳೆಗೆ ಮೊದಲೇ ಮುಗಿಸಬೇಕು. ಕೂಲಿ ಕೊಡಲು ಹಣವಿದ್ದವರ ತೋಟ ಉಳಿಯುತ್ತಿತ್ತು. ಸಣ್ಣ ಹಿಡುವಳಿಯವರು ದೇವರ ಮೇಲೆ ಭಾರ ಹಾಕುತ್ತಿದ್ದರು.

ಶತ್ರುವಿನ ಗುರುತು

ಕೋಲ್ಮನ್ ಮಲೆನಾಡಿನ ತೋಟಗಳಿಗೆ ಹೋಗಿ ಕೆಲಸ ಆರಂಭಿಸಿದರು. ಅವರಿಗಿಂತ ಸ್ವಲ್ಪ ಮೊದಲು ಎಡ್ವಿನ್ ಬಟ್ಲರ್ ಎಂಬ ಇನ್ನೊಬ್ಬ ವಿಜ್ಞಾನಿಯೂ ಈ ರೋಗದ ಬಗ್ಗೆ ಬರೆದಿದ್ದರು. ರೋಗಕ್ಕೆ ಕಾರಣವಾದ ಜೀವಿಯ ಬದುಕನ್ನು ಕೋಲ್ಮನ್ ಹಂತ ಹಂತವಾಗಿ ಅಧ್ಯಯನ ಮಾಡಿ, 1910ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು.

ಈ ಜೀವಿ ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ್ದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಸಸ್ಯನಾಶಕ ಎಂದು ಅರ್ಥ. ನೋಡಲು ಶಿಲೀಂಧ್ರದಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ಪಾಚಿಗಳಿಗೆ ಹತ್ತಿರದ ಸಂಬಂಧಿ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಇದರ ಬೀಜಕಣಗಳಿಗೆ ಬಾಲದಂಥ ಎರಡು ಎಳೆಗಳಿದ್ದು, ಅವು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ತೆಳ್ಳಗೆ ನೀರು ನಿಂತಿದ್ದರೂ ಸಾಕು, ಅವು ಈಜಿ ಬಂದು ನೆಲೆಯೂರಿ ಮೊಳೆತು ಒಳಗೆ ನುಗ್ಗುತ್ತವೆ. ಕೊಟ್ಟೆ ಏಕೆ ಫಲ ಕೊಡುತ್ತಿತ್ತು ಎಂಬುದಕ್ಕೆ ಇಲ್ಲಿ ವಿವರಣೆ ಇದೆ.

ಇದೇ ಕುಲದ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಭೀಕರ ಕ್ಷಾಮ ತಂದಿತು. 1847ರಲ್ಲಿ ಸಾವಿರಾರು ಐರಿಷ್ ಜನರು ಹಸಿವಿನಿಂದ ಪಾರಾಗಲು ಹಡಗು ಹತ್ತಿ ಟೊರೊಂಟೋಗೆ ಬಂದಿಳಿದರು. ಸರೋವರದ ದಂಡೆಯ ಐರ್ಲೆಂಡ್ ಪಾರ್ಕ್‌ನಲ್ಲಿರುವ ಕೃಶವಾದ ಮೂರ್ತಿಗಳು ಅವರ ನೆನಪಿಗಾಗಿ ಇವೆ. ಒಂದು ಸಸ್ಯರೋಗ ಜನರನ್ನು ಊರು ಬಿಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಾಣದ ಕೊಟ್ಟೆ

ಇನ್ನು ಮದ್ದಿನ ವಿಷಯ. ಇದರ ಮೂಲ ಫ್ರಾನ್ಸಿನಲ್ಲಿದೆ. ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯುತ್ತಿದ್ದರಂತೆ. ಅದನ್ನು ತಪ್ಪಿಸಲು ರೈತರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಕಲೆ ನೋಡಿ ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಆ ದಾರಿಯಲ್ಲಿ ಹೋಗುವಾಗ ಒಂದು ವಿಶೇಷ ಗಮನಿಸಿದರು. ತೋಟದ ಉಳಿದ ಬಳ್ಳಿಗಳೆಲ್ಲ ಬೂಷ್ಟುರೋಗದಿಂದ ಸೊರಗಿದ್ದರೆ ನೀಲಿ ಬಳಿದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಪ್ರಯೋಗ ಮಾಡಿ 1885ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ಬೋರ್ಡೋ ದ್ರಾವಣ ಹುಟ್ಟಿದ್ದು ಹೀಗೆ. ದ್ರಾಕ್ಷಿ ಕಳ್ಳರಿಗೂ ಇದರಲ್ಲಿ ಸ್ವಲ್ಪ ಪಾಲು ಸಲ್ಲಬೇಕು!

ಕೋಲ್ಮನ್ ಈ ದ್ರಾವಣವನ್ನು ಅಡಿಕೆಗೆ ತಂದರು. ಹೇಳಲು ಸುಲಭ, ಮಾಡಲು ಕಷ್ಟ. ದ್ರಾಕ್ಷಿ ಬಳ್ಳಿ ನಿಂತ ಮನುಷ್ಯನ ಎದೆಮಟ್ಟ. ಅಡಿಕೆ ಮರ ಹತ್ತಾರು ಅಡಿ ಎತ್ತರ, ಸೊಂಟಕ್ಕಿಂತ ಸಪೂರ. ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಸಿಂಪಡಿಸಿದ ಮದ್ದು ತೊಳೆದು ಹೋಗದೆ ನುಣುಪಾದ ಕಾಯಿಯ ಮೇಲೆ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ರೈತನ ಕೈಗೆ ಎಟುಕುವ ಬೆಲೆಯಲ್ಲಿ ಆಗಬೇಕು.

ಪ್ರಯೋಗಗಳಿಂದ ಒಂದು ಸರಳ ಕ್ರಮ ರೂಪುಗೊಂಡಿತು. ಬೇಕಾದ ಸಾಮಾನು ಸಂತೆಯಲ್ಲಿ ಸಿಗುವಂಥದ್ದೇ: ಮೈಲುತುತ್ತ, ಸುಣ್ಣ, ನೀರು. ಮದ್ದು ಅಂಟಿಕೊಳ್ಳಲು ರಾಳ ಮತ್ತು ಸೋಡಾ ಸೇರಿಸಿ ಕುದಿಸಿದ ಅಂಟನ್ನು ಬೆರೆಸುವ ಕ್ರಮವೂ ಬಳಕೆಗೆ ಬಂತು. ಕೆಳಗೆ ಒಬ್ಬರು ಕೈಪಂಪು ಒತ್ತುವುದು, ಮೇಲೆ ಕೊನೆಗೌಡ ಕೊಳವೆ ಹಿಡಿದು ಕೊನೆಗೆ ಸಿಂಪಡಿಸುವುದು. ಒಂದು ಮರದಿಂದ ಪಕ್ಕದ ಮರಕ್ಕೆ ಬಾಗಿ ದಾಟಿಕೊಳ್ಳುವ ವಿದ್ಯೆ ಅವರಿಗೆ ಮೊದಲೇ ಗೊತ್ತಿತ್ತು. ವಿಜ್ಞಾನಿಯ ಮದ್ದು ತುದಿ ಮುಟ್ಟಿದ್ದು ಅವರ ಕೈಗಳಿಂದ ಎಂಬುದನ್ನು ನಾವು ಮರೆಯಬಾರದು.

ಇಂದಿನ ಅಳತೆಯಲ್ಲಿ ಹೇಳುವುದಾದರೆ, ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ 1 ಕಿಲೋ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಕಲಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿದರೆ ಆಕಾಶನೀಲಿ ಬಣ್ಣದ ದ್ರಾವಣ ಸಿದ್ಧ. ಕಬ್ಬಿಣದ ಪಾತ್ರೆ ಬಳಸಬಾರದು. ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಕಾಯಿ ಸುಟ್ಟುಹೋಗುತ್ತದೆ, ಇನ್ನಷ್ಟು ಸುಣ್ಣ ಸೇರಿಸಬೇಕು. (ಇದು ಓದಿ ತಿಳಿಯಲು ಮಾತ್ರ, ಮಕ್ಕಳು ಮನೆಯಲ್ಲಿ ಮಾಡಿ ನೋಡಬಾರದು. ಮೈಲುತುತ್ತ ವಿಷ.)

ಬೋರ್ಡೋ ದ್ರಾವಣ ರೋಗ ಬಂದ ಕಾಯಿಯನ್ನು ಗುಣಪಡಿಸುವುದಿಲ್ಲ. ಕಾಯಿಯ ಮೇಲೆ ತಾಮ್ರದ ತೆಳು ಪದರವಾಗಿ ನಿಂತು ಬೀಜಕಣಗಳು ಮೊಳೆಯದಂತೆ ತಡೆಯುತ್ತದೆ, ಅಷ್ಟೆ. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ ಒಂದು ಸಲ, ಸುಮಾರು 40-45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಸಿಂಪಡಿಸಬೇಕು. ಇದರ ಜೊತೆಗೆ ಬಿದ್ದ ರೋಗದ ಕಾಯಿಗಳನ್ನು ಆರಿಸಿ ನಾಶಮಾಡಬೇಕು, ಇಲ್ಲದಿದ್ದರೆ ರೋಗ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಒಂದು ರೀತಿಯಲ್ಲಿ ಇದು ಕಣ್ಣಿಗೆ ಕಾಣದ ಕೊಟ್ಟೆ. ಹಿರಿಯರು ಕಂಡುಕೊಂಡಿದ್ದ ಸತ್ಯವನ್ನು ಕೋಲ್ಮನ್ ಅಗ್ಗದಲ್ಲಿ, ಎಲ್ಲರಿಗೂ ಸಿಗುವಂತೆ ಮಾಡಿಕೊಟ್ಟರು.

ಜೋಳದ ಮಿಡತೆ

ಕೋಲ್ಮನ್ ಕೀಟಶಾಸ್ತ್ರಜ್ಞರೂ ಹೌದು. ಬಯಲುಸೀಮೆಯಲ್ಲಿ ಜೋಳದ ಬೆಳೆಯನ್ನು ಒಂದು ಜಾತಿಯ ಮಿಡತೆ ತಿಂದು ಹಾಕುತ್ತಿತ್ತು. ವಿಜ್ಞಾನಕ್ಕೆ ಹೊಸದಾಗಿದ್ದ ಆ ಮಿಡತೆಯ ಕುಲಕ್ಕೆ ಬೊಲಿವಾರ್ ಎಂಬ ಸ್ಪೇನಿನ ಕೀಟತಜ್ಞರು 1910ರಲ್ಲಿ ಕೋಲ್ಮನ್ ಅವರ ಹೆಸರನ್ನೇ ಸೇರಿಸಿ ಕೋಲ್ಮೇನಿಯ ಎಂದು ಕರೆದರು. ಈ ಮಿಡತೆಗೆ ರೆಕ್ಕೆ ಇಲ್ಲ. ಮೊಟ್ಟೆ ಇಡುವುದು ಮಣ್ಣಿನಲ್ಲಿ. ರೆಕ್ಕೆ ಇಲ್ಲದ್ದು ದೂರ ಹಾರಿ ತಪ್ಪಿಸಿಕೊಳ್ಳಲಾರದು. ಮಣ್ಣಿನಲ್ಲಿರುವ ಮೊಟ್ಟೆಯನ್ನು ಉಳುಮೆಯಿಂದ ಹೊರಗೆಡಹಿ ಬಿಸಿಲಿಗೆ, ಹಕ್ಕಿಗಳಿಗೆ ಒಡ್ಡಬಹುದು. ಶತ್ರುವಿನ ಬದುಕನ್ನು ತಿಳಿದುಕೊಂಡರೆ ಅದನ್ನು ಎಲ್ಲಿ ತಡೆಯಬಹುದು ಎಂಬುದೂ ತಿಳಿಯುತ್ತದೆ. ಕೊಳೆರೋಗದಲ್ಲಾಗಲಿ ಮಿಡತೆಯಲ್ಲಾಗಲಿ ಕೋಲ್ಮನ್ ಹಿಡಿದ ದಾರಿ ಇದೊಂದೇ. ಈ ಕೆಲಸಗಳಲ್ಲಿ ಅವರ ಜೊತೆಗೆ ಕೀಟಶಾಸ್ತ್ರಜ್ಞ ಕುಂಞಿ ಕಣ್ಣನ್, ಸಸ್ಯರೋಗತಜ್ಞ ಎಂ. ಜೆ. ನರಸಿಂಹನ್ ಮೊದಲಾದ ಭಾರತೀಯ ವಿಜ್ಞಾನಿಗಳು ದುಡಿದರು.

ಸಂಸ್ಥೆಗಳನ್ನು ಕಟ್ಟಿದವರು

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಕೋಲ್ಮನ್ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ರಾಗಿಯ ತಳಿ ಸುಧಾರಣೆಯ ಕೆಲಸ ಅಲ್ಲಿ ನಡೆಯಿತು. ರೈತರೂ ವಿಜ್ಞಾನಿಗಳೂ ಒಟ್ಟಿಗೆ ಸೇರುವ ಅಗ್ರಿಕಲ್ಚರಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಯೂನಿಯನ್ ಎಂಬ ಸಂಘ ಮೈಸೂರಿನಲ್ಲಿ ಹುಟ್ಟಿತು. ಇದೇ ಹೆಸರಿನ ಸಂಘವೊಂದು ಅದಕ್ಕೂ ಮೊದಲೇ ನಮ್ಮ ಒಂಟಾರಿಯೋದಲ್ಲಿ ಇತ್ತು ಎಂಬುದು ಗಮನಿಸಬೇಕಾದ ಮಾತು.

ಕಾಫಿ ಬೆಳೆಗಾರರಿಗಾಗಿ 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅದೇ ಬೆಳೆದು ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಕಾವೇರಿ ನೀರು ಮಂಡ್ಯದ ಗದ್ದೆಗಳಿಗೆ ಹರಿದಾಗ ಅಲ್ಲಿ ಕಬ್ಬು ಬೆಳೆಸಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿಸುವುದರಲ್ಲೂ ಕೋಲ್ಮನ್ ಅವರದು ದೊಡ್ಡ ಪಾತ್ರ. ಹೆಬ್ಬಾಳದ ಆ ಪ್ರಯೋಗದ ನೆಲದಿಂದಲೇ ಮುಂದೆ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎದ್ದು ನಿಂತಿತು.

ಸುಮಾರು ಕಾಲು ಶತಮಾನ ಮೈಸೂರಿನಲ್ಲಿ ದುಡಿದು, 1930ರ ದಶಕದ ಮಧ್ಯದಲ್ಲಿ ಕೋಲ್ಮನ್ ಕೆನಡಾಕ್ಕೆ ಮರಳಿದರು. ವಿಶ್ರಾಂತಿಯ ವಯಸ್ಸಿನಲ್ಲೂ ಸೂಕ್ಷ್ಮದರ್ಶಕ ಬಿಡಲಿಲ್ಲ. ತಾವು ಓದಿದ ಟೊರೊಂಟೋ ವಿಶ್ವವಿದ್ಯಾಲಯದಲ್ಲಿ ಸಸ್ಯಗಳ ಕೋಶ ಮತ್ತು ವರ್ಣತಂತುಗಳ ಅಧ್ಯಯನ ಮುಂದುವರಿಸಿದರು. 1954ರಲ್ಲಿ ತೀರಿಕೊಂಡರು.

ಇಂದು ನಮಗೇನು?

ಕೊಳೆರೋಗ ಮುಗಿದ ಕಥೆಯಲ್ಲ. ಮಳೆ ಬಿಡುವು ಕೊಡದ ವರ್ಷಗಳಲ್ಲಿ ಎರಡು ಸಲ ಮದ್ದು ಹೊಡೆದರೂ ಕೊಳೆ ಬರುತ್ತದೆ. ಮರ ಹತ್ತುವವರು ಕಡಿಮೆಯಾಗಿದ್ದಾರೆ. ಅದಕ್ಕಾಗಿ ನೆಲದ ಮೇಲೆ ನಿಂತೇ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ವರ್ಷ ವರ್ಷವೂ ಬಿದ್ದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಆದ್ದರಿಂದ ಹಿತಮಿತವಾಗಿ ಬಳಸಬೇಕು ಎಂಬ ಎಚ್ಚರವೂ ಇಂದು ಇದೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ತೋಟಗಳನ್ನು ಕಾಡುತ್ತಿವೆ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂಬುದನ್ನೂ ವೈದ್ಯವಿಜ್ಞಾನ ದೃಢಪಡಿಸಿದೆ. ಅದನ್ನು ನಾವು ಮಕ್ಕಳಿಗೆ ಮುಚ್ಚಿಡುವುದಿಲ್ಲ. ಆದರೂ ಆ ತೋಟಗಳನ್ನು ನಂಬಿ ಬದುಕಿದ ಮನೆಗಳ ಒಲೆ ಆರದಂತೆ ನೋಡಿಕೊಂಡ ಕೆಲಸದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ.

ಕೋಲ್ಮನ್ ಅವರ ಪಾಠ ನಮ್ಮ ಇಲ್ಲಿಯ ಹಿತ್ತಲಿಗೂ ಸಲ್ಲುತ್ತದೆ. ಬೇಸಿಗೆಯ ಕೊನೆಗೆ ತೇವ ಹೆಚ್ಚಾದಾಗ ನಮ್ಮ ಟೊಮೇಟೊ ಗಿಡದ ಎಲೆ, ಕಾಯಿ ಕಂದು ಬಣ್ಣಕ್ಕೆ ತಿರುಗಿ ಕೊಳೆಯುವುದನ್ನು ಹಲವರು ಕಂಡಿರಬಹುದು. ಐರ್ಲೆಂಡಿನ ಆಲೂಗಡ್ಡೆಯನ್ನು ಕೊಂದ ಜೀವಿಯೇ ಟೊಮೇಟೊಗೂ ಬರುತ್ತದೆ. ಕೊಳೆರೋಗದ ದಾಯಾದಿ! ಕೂಡಲೇ ಅಂಗಡಿಗೆ ಓಡುವ ಮೊದಲು ಒಂದು ನಿಮಿಷ ಗಿಡದ ಮುಂದೆ ಕುಳಿತು ನೋಡೋಣ. ನೀರನ್ನು ಎಲೆಯ ಮೇಲೆ ಹಾಕದೆ ಬುಡಕ್ಕೆ ಹಾಕೋಣ. ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಡೋಣ. ರೋಗ ಬಂದ ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹಾಕೋಣ, ಗೊಬ್ಬರದ ಗುಡ್ಡೆಗೆ ಸೇರಿಸುವುದು ಬೇಡ. ಹುಲ್ಲುಹಾಸಿನ ಅಂದಕ್ಕೆಂದು ಕಳೆನಾಶಕ ಸಿಂಪಡಿಸುವುದನ್ನು ಒಂಟಾರಿಯೋ 2009ರಲ್ಲಿಯೇ ನಿಷೇಧಿಸಿದೆ. ಹಳದಿ ಹೂವಿನ ಡ್ಯಾಂಡೆಲಿಯನ್ ಕಳೆಯನ್ನು ಬೇರುಸಹಿತ ಕೀಳಲು ಮಕ್ಕಳ ಕೈಗಳೇ ಸಾಕು. ಅದೂ ಒಂದು ಆಟವೇ.

ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ನಮ್ಮದೊಂದು ಕೋರಿಕೆ. ಮಲೆನಾಡಿನ ಕಡೆ ಹೋದರೆ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ ಅಜ್ಜನ ಬಳಿ ಕೊಳೆಮದ್ದಿನ ಬಗ್ಗೆ ಕೇಳಿ. ಮದ್ದು ಹೊಡೆದ ಮರದ ಮೇಲೆ ನೀಲಿ ಕಲೆ ಇದೆಯೇ ನೋಡಿ. ಕೊಟ್ಟೆ ಕಟ್ಟುವುದನ್ನು ಕಂಡ ಹಿರಿಯರು ಯಾರಾದರೂ ಇದ್ದರೆ ಅದನ್ನು ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ. ಒಂಟಾರಿಯೋದಿಂದ ಒಬ್ಬರು ಅಲ್ಲಿಗೆ ಹೋಗಿ ಮದ್ದು ಕಂಡುಕೊಟ್ಟರು. ಆ ತೋಟಗಳ ಮಕ್ಕಳು ಮೊಮ್ಮಕ್ಕಳು ಇಂದು ಒಂಟಾರಿಯೋದ ತರಗತಿಗಳಲ್ಲಿ ಕುಳಿತು ಕನ್ನಡ ಕಲಿಯುತ್ತಿದ್ದಾರೆ. ಈ ಋಣ ದೊಡ್ಡದು. ಅದನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸಿದ್ದೇವೆ.